ರೀಡ್ ಕಮಾಂಡ್ ಕೊಟ್ಟ ಮೇಲೆ ಸರಿಯಾಗಿ 22ನೇ ಕ್ಲಾಕ್‌ಗೇ ಡೇಟಾ ಹೇಗೆ ಬರತ್ತೆ?

ಪ್ರಶ್ನೆ: ಮೇಡಂ, ನಾನು ಮಂಡ್ಯದವನು, ಇಂಜಿನಿಯರಿಂಗ್ ಎರಡನೇ ವರ್ಷ, ಎಲೆಕ್ಟ್ರಾನಿಕ್ಸ್. ಮೆಮೊರಿ ಚಿಪ್ಪಿಗೆ ಹೇಗಿದ್ರೂ ಕ್ಲಾಕ್ ಹೋಗ್ತಾನೇ ಇದೆ, ಹಾಗಿರುವಾಗ ಓದೋ ಟೈಮಲ್ಲಿ ಚಿಪ್ಪು ಡಿಕ್ಯೂಎಸ್ ಅಂತ, ಡೇಟಾನ ಯಾವ ಕ್ಷಣ ಹಿಡೀಬೇಕು ಅಂತ ತೋರಿಸೋ ಇನ್ನೊಂದು ಸ್ಟ್ರೋಬ್ ಸಿಗ್ನಲ್ ಯಾಕೆ ಕಳಿಸ್ಬೇಕು? ಡಿಎಲ್‌ಎಲ್ (ಡಿಲೇ-ಲಾಕ್ಡ್ ಲೂಪ್) ಅನ್ನೋ ಸರ್ಕ್ಯೂಟ್ ಹಾಕಿದ್ರೆ ಒಳಗಿನ ಡಿಲೇ ಹೋಗ್ಬಿಡತ್ತೆ ಅಂತ ನೋಟ್ಸಲ್ಲಿದೆ, ಡಿಲೇನ ಅಷ್ಟು ಸುಲಭವಾಗಿ ತೆಗೆಯೋಕಾಗತ್ತಾ? ಇನ್ನೊಂದು, ಅಣ್ಣನ ಅಂಗಡೀಲಿ ಒಂದು ಸಿಸ್ಟಮ್‌ಗೆ ಹೊಸ ಡಿಡಿಆರ್5 ರ‍್ಯಾಮ್ ಹಾಕಿದ್ವಿ, ಮೊದಲನೇ ಸಲ ಆನ್ ಮಾಡಿದಾಗ ಎರಡು ನಿಮಿಷ ಸ್ಕ್ರೀನ್ ಕಪ್ಪಗೇ ಇತ್ತು, ಆಮೇಲೆ ಸರಿಹೋಯ್ತು. ಇದಕ್ಕೂ ಅದಕ್ಕೂ ಏನಾದ್ರೂ ಸಂಬಂಧ ಇದೆಯಾ?

ಉತ್ತರ: ಸಂಬಂಧ ಇದೆ, ನೀವು ಕೇಳಿರೋ ಮೂರೂ ಹತ್ತಿರ ಹತ್ತಿರ ಒಂದೇ ಪ್ರಶ್ನೆ. ಆದ್ರೆ ಚಿಪ್ಪಿನ ಒಳಗಿಂದ ಶುರು ಮಾಡೋಣ, ಯಾಕಂದ್ರೆ ಕಾಲೇಜಲ್ಲಿ ಡಿಕ್ಯೂಎಸ್ ಬಗ್ಗೆ ಹೇಳ್ತಾರೆ, ಬೋರ್ಡ್ ಮೇಲಿನ ಟ್ರೇಸ್ ಬಗ್ಗೆ ಹೇಳ್ತಾರೆ, ಒಳಗಡೆ ಎಣಿಕೆ ಹೇಗೆ ನಡೆಯತ್ತೆ ಅನ್ನೋದನ್ನ ಹೇಳೋರು ಕಮ್ಮಿ, ನಂಗೆ ಅದು ಗೊತ್ತಾಗಿದ್ದು ಕೆಲಸಕ್ಕೆ ಸೇರಿ ಮೂರು ವರ್ಷ ಆದ್ಮೇಲೆ.

ಮೊದಲು ಒಂದು ವಿಷಯ ತಲೇಲಿ ಇಟ್ಕೊಳ್ಳಿ. ಡೇಟಾ ಇರೋ ಸೆಲ್‌ಗಳ ಅರೇಗೆ ಕ್ಲಾಕ್ ಅಂದ್ರೆ ಏನೂಂತಾನೇ ಗೊತ್ತಿಲ್ಲ. ರೋ (ಸೆಲ್‌ಗಳ ಒಂದು ಸಾಲು) ತೆರೆದಾಗ ಒಂದೊಂದು ಪುಟ್ಟ ಕೆಪಾಸಿಟರ್‌ನಲ್ಲಿರೋ ಚಾರ್ಜು ಬಿಟ್‌ಲೈನ್‌ಗೆ ಇಳಿಯತ್ತೆ, ಅಲ್ಲಿ ಆಗೋ ಚೂರು ವೋಲ್ಟೇಜ್ ವ್ಯತ್ಯಾಸನ ಸೆನ್ಸ್ ಆಂಪ್ಲಿಫೈಯರ್ ಹಿಡಿದು ಎಳೆದು ಪೂರ್ತಿ ಸೊನ್ನೆನೋ ಒಂದೋ ಮಾಡತ್ತೆ, ರೀಡ್ ಕಮಾಂಡ್ ಬಂದಾಗ ಕಾಲಮ್ ಸೆಲೆಕ್ಟ್ ತೆರೆದು ಡೇಟಾ ಉದ್ದುದ್ದ ವೈರ್‌ಗಳಲ್ಲಿ ಚಿಪ್ಪಿನ ಅಂಚಿನ ತನಕ ಓಡ್ಬೇಕು. ಇದಕ್ಕೆಲ್ಲ ಹಿಡಿಯೋದು ನ್ಯಾನೋಸೆಕೆಂಡ್ ಲೆಕ್ಕದ ಟೈಮು. ಕ್ಲಾಕ್ ಜೋರಾಗಿ ಓಡಿಸಿದ್ರೆ ಅದೇನೂ ಜೋರಾಗಲ್ಲ. ಲೆಕ್ಕ ಹಾಕಿ ನೋಡಿ: ಮೆಮೊರಿ ಸ್ಟ್ಯಾಂಡರ್ಡ್‌ಗಳನ್ನ ಮಾಡೋ ಜೆಡೆಕ್ ಸಂಸ್ಥೆಯ ಡಿಡಿಆರ್ ಸ್ಟ್ಯಾಂಡರ್ಡ್ ಬಂದಿದ್ದು 2000ದಲ್ಲಿ, ಡಿಡಿಆರ್5 ಬಂದಿದ್ದು 2020ರಲ್ಲಿ. ಮೊದಲ ತಲೆಮಾರಿನ ಡಿಡಿಆರ್-400ರಲ್ಲಿ ಸಿಎಲ್ (ರೀಡ್‌ನಿಂದ ಡೇಟಾ ಬರೋ ತನಕದ ಕ್ಲಾಕ್ ಎಣಿಕೆ) 3 ಅಂದ್ರೆ 15 ನ್ಯಾನೋಸೆಕೆಂಡ್, ಡಿಡಿಆರ್3-1600ರಲ್ಲಿ ಸಿಎಲ್ 11 ಅಂದ್ರೆ 13.75, ಡಿಡಿಆರ್4-3200ರಲ್ಲಿ ಸಿಎಲ್ 22 ಅಂದ್ರೂ ಅದೇ 13.75, ಡಿಡಿಆರ್5-4800ರಲ್ಲಿ ಸಿಎಲ್ 40 ಅಂದ್ರೆ 16.67. ಪಿನ್ನಿನ ಸ್ಪೀಡು 12 ಪಟ್ಟು ಆಯ್ತು, ಕಾಯೋ ಟೈಮು ಇದ್ದಲ್ಲೇ ಇದೆ.

ಹಾಗಾದ್ರೆ ಸಿಎಲ್ 22 ಅನ್ನೋದು ಏನು? ಅದು ಚಿಪ್ಪು, ತನಗೆ ಕಮಾಂಡ್ ಕೊಡೋ ಕಂಟ್ರೋಲರ್‌ಗೆ ಕೊಟ್ಟಿರೋ ಮಾತು. ನೀನು ರೀಡ್ ಅಂದ ಕ್ಲಾಕ್‌ನಿಂದ ಎಣಿಸ್ಕೋ, 22ನೇದಕ್ಕೆ ಪಿನ್ ಮೇಲೆ ಡೇಟಾ ಇಡ್ತೀನಿ, 21ಕ್ಕೂ ಇಲ್ಲ 23ಕ್ಕೂ ಇಲ್ಲ. ಅರೇ ಅಂತೂ ಬಿಸಿ ಇದ್ರೆ ಒಂಥರ, ತಣ್ಣಗಿದ್ರೆ ಒಂಥರ, ವೋಲ್ಟೇಜ್ ಚೂರು ಇಳಿದ್ರೆ ಇನ್ನೊಂಥರ ಟೈಮ್ ತಗೊಳ್ಳತ್ತೆ, ಆದ್ರೆ ಮಾತು ಮಾತ್ರ ತಪ್ಪೋ ಹಾಗಿಲ್ಲ. ಈ ಎರಡರ ಮಧ್ಯೆ ಕೂತಿರೋದು ಒಂದು ಫೈಫೋ, ಅಂದ್ರೆ ಮೊದಲು ಬಂದ ಡೇಟಾ ಮೊದಲು ಹೊರಗೆ ಹೋಗೋ ಒಂದು ಸಾಲು. ಅರೇಯಿಂದ ಡೇಟಾ ಒಂದೇ ಸಲಕ್ಕೆ ದಂಡಿಯಾಗಿ ಬರತ್ತೆ, ಡಿಡಿಆರ್3, ಡಿಡಿಆರ್4 ಎರಡರಲ್ಲೂ ಪ್ರತಿ ಡೇಟಾ ಪಿನ್ನಿಗೆ 8 ಬಿಟ್, ಡಿಡಿಆರ್5ರಲ್ಲಿ 16. ಆ ಡೇಟಾ ಜೊತೆಗೇ ಅದೇ ದಾರೀಲಿ, ಅದರಷ್ಟೇ ಡಿಲೇ ಇಟ್ಟು ಒಂದು ಪಲ್ಸ್ ಕೂಡ ಓಡಿ ಬರತ್ತೆ, ಫೈಫೋ ಹತ್ರ ಬಂದು "ಡೇಟಾ ಬಂತು, ತಗೋ" ಅಂತ ಬಾಗಿಲು ತೆಗೆಸೋದು ಆ ಪಲ್ಸು. ಒಳಗೆ ಹಾಕೋ ಪಾಯಿಂಟರ್ (ಈಗ ಯಾವ ಜಾಗ ಅಂತ ತೋರಿಸೋ ಗುರುತು) ಅರೇ ಟೈಮಿಗೆ ನಡೆಯತ್ತೆ, ಹೊರಗೆ ತೆಗೆಯೋ ಪಾಯಿಂಟರ್ ಕ್ಲಾಕ್ ಎಣಿಕೆಗೆ ನಡೆಯತ್ತೆ. ಒಳಗೆ ಹಾಕೋದು ಬೇಗ ಆಯ್ತು ಅಂದ್ರೆ ಡೇಟಾ ಸ್ವಲ್ಪ ಹೊತ್ತು ಕಾಯತ್ತೆ ಅಷ್ಟೇ, ತೊಂದ್ರೆ ಇಲ್ಲ. ತಡ ಆಯ್ತು ಅಂದ್ರೆ ಹೊರಗಿನ ಪಾಯಿಂಟರ್ ಹೋಗಿ ಹಳೇ ಡೇಟಾನೇ ಎತ್ಕೊಂಡು ಹೊರಗೆ ಇಟ್ಬಿಡತ್ತೆ. ಗೇಮ್ ಆಡೋ ಹುಡುಗರು ಬಯಾಸ್‌ಗೆ (ಆನ್ ಮಾಡಿದ ಕೂಡ್ಲೇ ಮೊದಲು ಓಡೋ ಪ್ರೋಗ್ರಾಂ) ಹೋಗಿ ಸಿಎಲ್‌ನ ತೀರಾ ಇಳಿಸಿದಾಗ ಸಿಸ್ಟಮ್ ಬಿದ್ದುಹೋಗೋದಕ್ಕೆ ಇದೂ ಒಂದು ಕಾರಣ.

ಈಗ ಡಿಎಲ್‌ಎಲ್‌ಗೆ ಬರೋಣ. ಅದು ಡಿಲೇನ ತೆಗೆಯಲ್ಲ. ಇನ್ನೂ ಸೇರಿಸತ್ತೆ. ನಿಮ್ಮ ನೋಟ್ಸಲ್ಲಿರೋ ಆ ಸಾಲನ್ನ ಹೊಡೆದುಹಾಕಿ.

ಮಂಡ್ಯದವರಿಗೆ ನಾಲೆ ಲೆಕ್ಕದಲ್ಲೇ ಹೇಳ್ತೀನಿ, ಕಟ್ಟು ಪದ್ಧತೀಲಿ ನೀರು ಬಿಡೋದು ನೀವು ನೋಡಿರ್ತೀರ. ವಾರಕ್ಕೊಂದು ಸಲ ಕೆಆರ್‌ಎಸ್‌ನಿಂದ ನೀರು ಬಿಡ್ತಾರೆ, ಕೊನೇ ಭಾಗದ ಗದ್ದೆಗೆ ಅದು ಬರೋಕೆ ಮೂರು ದಿನ ಬೇಕು ಅಂದ್ಕೊಳ್ಳಿ. ಸೋಮವಾರ ಬಿಟ್ರೆ ಗುರುವಾರ ಬರತ್ತೆ. ಆದ್ರೆ ಗದ್ದೆಯವರಿಗೆ ಬೇಕಾಗಿರೋದು ಸೋಮವಾರ. ನಾಲೆ ಉದ್ದ ಕಮ್ಮಿ ಮಾಡೋಕಾಗಲ್ಲ, ನೀರನ್ನ ಹಿಂದಕ್ಕೆ ಎಳೆಯೋಕಾಗಲ್ಲ. ಏನ್ ಮಾಡ್ಬಹುದು ಅಂದ್ರೆ, ಸೋಮವಾರದ ನೀರನ್ನ ಇನ್ನೂ ನಾಲ್ಕು ದಿನ ತಡೆದು ಶುಕ್ರವಾರ ಬಿಡೋದು, ಆಗ ಅದು ಮುಂದಿನ ಸೋಮವಾರ ಗದ್ದೆಗೆ ಬಂದು ನಿಲ್ಲತ್ತೆ. ಮೂರು ದಿನದ ತಡ ಏಳು ದಿನದ ತಡ ಆಯ್ತು, ಆದ್ರೆ ಗದ್ದೇಲಿ ನಿಂತು ನೋಡೋರಿಗೆ ತಡಾನೇ ಇಲ್ಲ, ಸೋಮವಾರ ಅಂದ್ರೆ ಸೋಮವಾರ. ಡಿಎಲ್‌ಎಲ್ ಮಾಡೋದು ಇಷ್ಟೇ. ಕ್ಲಾಕ್ ಚಿಪ್ಪಿನ ಒಳಗೆ ಬರೋ ಬಫರ್‌ನಲ್ಲಿ ಸ್ವಲ್ಪ ಡಿಲೇ, ಒಳಗೆ ಹರಡೋ ವೈರ್‌ನಲ್ಲಿ ಸ್ವಲ್ಪ, ಕೊನೆಗೆ ಔಟ್‌ಪುಟ್ ಡ್ರೈವರ್‌ನಲ್ಲಿ ಸ್ವಲ್ಪ. ಡಿಎಲ್‌ಎಲ್ ಮಧ್ಯದಲ್ಲಿ ತನ್ನದೊಂದು ಡಿಲೇ ಲೈನ್ ಸೇರಿಸಿ ಒಟ್ಟು ಮೊತ್ತ ಪೂರ್ತಿ ಪೂರ್ತಿ ಕ್ಲಾಕ್‌ಗಳಾಗೋ ಹಾಗೆ ಮಾಡತ್ತೆ. ಉದಾಹರಣೆಗೆ ಕ್ಲಾಕ್ 1.25 ನ್ಯಾನೋಸೆಕೆಂಡ್, ಒಳಗಿನ ಡಿಲೇ ಎಲ್ಲ ಸೇರಿ 1.9 ಇದ್ರೆ, ಡಿಎಲ್‌ಎಲ್ 0.6 ಸೇರಿಸಿ 2.5 ಮಾಡತ್ತೆ, ಅಂದ್ರೆ ಸರಿಯಾಗಿ ಎರಡು ಕ್ಲಾಕ್. ಚಿಪ್ಪು ಬಿಸಿಯಾಗಿ ಒಳಗಿನ ಡಿಲೇ 2.0 ಆಯ್ತು ಅಂದ್ರೆ ತನ್ನ ಪಾಲನ್ನ 0.5ಕ್ಕೆ ಇಳಿಸ್ಕೊಳ್ಳತ್ತೆ. ಇದನ್ನ ಅಳೆಯೋಕೆ ಪ್ರತಿ ಸಲ ಪಿನ್ ತನಕ ಹೋಗಿ ನೋಡಲ್ಲ, ಇನ್‌ಪುಟ್ ಬಫರು ಮತ್ತೆ ಔಟ್‌ಪುಟ್ ಡ್ರೈವರಿನ ನಕಲೊಂದನ್ನ ಒಳಗೇ ಇಟ್ಕೊಂಡಿರತ್ತೆ, ರೆಪ್ಲಿಕಾ ಅಂತಾರೆ, ಅದರ ಮೂಲಕ ಬಂದ ಕ್ಲಾಕನ್ನ ಒಳಗೆ ಬರೋ ಕ್ಲಾಕ್ ಜೊತೆ ಹೋಲಿಸ್ತಾ ಇರತ್ತೆ. ಆ ನಕಲು ಎಷ್ಟು ಸರಿಯಾಗಿದೆಯೋ ಅಷ್ಟೇ ಸರಿ ಡಿಎಲ್‌ಎಲ್ಲೂ.

ಆದ್ರೆ ನಾಲೆ ಕಥೇಲಿ ಒಂದು ತೊಡಕು ಉಳೀತು ನೋಡಿ. ಗದ್ದೆಗೆ ಬಂದಿದ್ದು ಸೋಮವಾರವೇ, ಸರಿ, ಆದ್ರೆ *ಯಾವ* ಸೋಮವಾರ? ಇದೇ ನಿಜವಾದ ಕಷ್ಟ, ನಂಗೆ ತುಂಬಾ ಇಷ್ಟವಾದ ಭಾಗಾನೂ ಇದೇ.

ಚಿಪ್ಪಿನ ಒಳಗೆ ಈಗ ಎರಡು ಕ್ಲಾಕ್ ಓಡ್ತಿದೆ. ಒಂದು ಕಮಾಂಡ್ ಹಿಡಿಯೋ ಕ್ಲಾಕು, ಹೊರಗಿನ ಕ್ಲಾಕ್‌ಗಿಂತ ಇನ್‌ಪುಟ್ ಬಫರಿನಷ್ಟು ಹಿಂದೆ. ಇನ್ನೊಂದು ಡಿಎಲ್‌ಎಲ್‌ನಿಂದ ಬರೋ ಕ್ಲಾಕು, ಅದು ಹೊರಗಿನ ಕ್ಲಾಕ್‌ಗಿಂತ ಔಟ್‌ಪುಟ್ ಡ್ರೈವರಿನಷ್ಟು ಮುಂದೆ ಇರ್ಬೇಕು, ಆಗ್ಲೇ ಪಿನ್ ಹತ್ರ ಬರೋ ಹೊತ್ತಿಗೆ ಸರಿಹೋಗೋದು. ಎರಡರ ಸ್ಪೀಡೂ ಒಂದೇ, ಹೊಂದಾಣಿಕೆ ಮಾತ್ರ ಬೇರೆ. ನಮ್ಮ ಮೈಸೂರಿನ ದೊಡ್ಡ ಗಡಿಯಾರ, ಚಿಕ್ಕ ಗಡಿಯಾರ ಗೊತ್ತಲ್ಲ, ಎರಡೂ ಸರಿಯಾಗೇ ಓಡ್ತಿವೆ, ಆದ್ರೆ ಚಿಕ್ಕದು ದೊಡ್ಡದಕ್ಕಿಂತ ಸ್ವಲ್ಪ ಮುಂದಿದೆ ಅಂದ್ಕೊಳ್ಳಿ, ಎಷ್ಟು ಮುಂದೆ ಅನ್ನೋದು ಬಿಸಿಲಿಗೆ ತಕ್ಕ ಹಾಗೆ ಬದಲಾಗ್ತಾನೂ ಇರತ್ತೆ. ಆರ್ಡರ್ ಬರೋದು ದೊಡ್ಡ ಗಡಿಯಾರದ ಹತ್ರ, ಡೆಲಿವರಿ ಹೊರಡೋದು ಚಿಕ್ಕ ಗಡಿಯಾರದ ಹತ್ರ. ಇಲ್ಲಿ ರೀಡ್ ಬಂತು ಅನ್ನೋ ಸುದ್ದಿನ ಸುಮ್ನೆ ಒಂದು ವೈರ್‌ನಲ್ಲಿ ಅಲ್ಲಿಗೆ ಕಳಿಸಿ 22 ಎಣಿಸು ಅಂದ್ರೆ ಏನಾಗತ್ತೆ? ಆ ಸುದ್ದಿ ಅಲ್ಲಿಯ ಕ್ಲಾಕ್ ಎಡ್ಜ್, ಅಂದ್ರೆ ಕ್ಲಾಕ್ ಏರೋ ಕ್ಷಣದ ಹತ್ತಿರ ಹತ್ತಿರಾನೇ ಬಂದ್ರೆ ಒಂದು ಸಲ ಈ ಎಡ್ಜಿಗೆ ಸಿಗತ್ತೆ, ಇನ್ನೊಂದು ಸಲ ಮುಂದಿನ ಎಡ್ಜಿಗೆ ಸಿಗತ್ತೆ. ಬೆಳಗ್ಗೆ 22, ಮಧ್ಯಾಹ್ನ 23. ಕಂಟ್ರೋಲರ್ ಪಾಲಿಗೆ ಅದು ಪೂರ್ತಿ ಕಸ.

ಇದಕ್ಕೆ ಇರೋ ಉಪಾಯಗಳಲ್ಲಿ ಒಂದನ್ನ ಬಿಡಿಸಿ ಹೇಳ್ತೀನಿ, ಪೇಪರು ಪೆನ್ನು ತಗೊಂಡು ಕೂತ್ಕೊಳ್ಳಿ. ಎರಡೂ ಕಡೆ ಒಂದೊಂದು ಕೌಂಟರ್ ಇಡ್ತಾರೆ, ಆರ್ಡರ್ ಕೌಂಟರ್, ಡೆಲಿವರಿ ಕೌಂಟರ್. ರೀಸೆಟ್ ಆದಾಗ ಮೊದಲು ಶುರುವಾಗೋದು ಡೆಲಿವರಿ ಕಡೇದು, ಸೊನ್ನೆಯಿಂದ. ಅದು ಸೊನ್ನೆ ಅಂದ ಆ ಎಡ್ಜಲ್ಲೇ ಒಂದು ಶುರು-ಟೋಕನ್ ಹೊರಡತ್ತೆ, ಆ ಟೋಕನ್ ಅದೇ ರೆಪ್ಲಿಕಾ ದಾರೀಲಿ, ಅಂದ್ರೆ ಔಟ್‌ಪುಟ್ ಡ್ರೈವರಿನಷ್ಟು, ಆಮೇಲೆ ಇನ್‌ಪುಟ್ ಬಫರಿನಷ್ಟು ಡಿಲೇ ದಾಟಿ ಆರ್ಡರ್ ಕಡೆಗೆ ಬಂದು ಅಲ್ಲಿಯ ಕೌಂಟರನ್ನ ಶುರು ಮಾಡಿಸತ್ತೆ. ಆದ್ರೆ ಆರ್ಡರ್ ಕೌಂಟರ್ ಸೊನ್ನೆಯಿಂದ ಅಲ್ಲ, 22ರಿಂದ ಶುರು. ಈಗ ಯೋಚ್ನೆ ಮಾಡಿ. ಡೆಲಿವರಿ ಕಡೆ ಸೊನ್ನೆ ಅಂದ ಎಡ್ಜು ಹೊರಗೆ ಪಿನ್ ಹತ್ರ ಬರೋದು ಹೊರಗಿನ ಯಾವುದೋ ಒಂದು ಕ್ಲಾಕ್ ಜೊತೆ, ಡಿಎಲ್‌ಎಲ್ ಆ ಗ್ಯಾರಂಟಿ ಕೊಟ್ಟಿದೆ. ಟೋಕನ್ ದಾಟಿ ಬಂದ ದಾರಿಯ ಲೆಕ್ಕದಲ್ಲಿ ಆರ್ಡರ್ ಕಡೆ ಶುರುವಾಗೋದೂ ಸರಿಯಾಗಿ ಅದೇ ಹೊರಗಿನ ಕ್ಲಾಕ್‌ಗೆ. ಅಂದ್ರೆ ಆ ಕ್ಲಾಕ್‌ಗೇ ಒಂದು ರೀಡ್ ಬಂದ್ರೆ ಆರ್ಡರ್ ಕೌಂಟರಲ್ಲಿ 22 ಕಾಣತ್ತೆ. ಆ 22ನ್ನ ಚೀಟಿ ಬರೆದಿಟ್ಕೋಬೇಕು. ಡೆಲಿವರಿ ಕೌಂಟರ್ 22ಕ್ಕೆ ಬಂದಾಗ ಚೀಟಿ ಜೊತೆ ಹೋಲಿಸಿ ಡೇಟಾ ಬಿಟ್ರೆ, ಅದು ಪಿನ್ನಿಗೆ ಬರೋದು ರೀಡ್ ಬಂದಾಗಿನಿಂದ ಸರಿಯಾಗಿ 22ನೇ ಕ್ಲಾಕ್‌ಗೆ. ಇನ್ನೂ ಐದು ಕ್ಲಾಕ್ ಬಿಟ್ಟು ಇನ್ನೊಂದು ರೀಡ್ ಬಂದ್ರೆ ಚೀಟೀಲಿ 27, ಡೆಲಿವರಿ 27ರಲ್ಲಿ. ಯಾವ ಸೋಮವಾರ ಅನ್ನೋ ಪ್ರಶ್ನೇನೇ ಬರಲ್ಲ, ಡಿಎಲ್‌ಎಲ್ ಒಟ್ಟು ಎರಡು ಕ್ಲಾಕ್ ಮಾಡ್ಕೊಂಡಿದೆಯಾ ಮೂರು ಮಾಡ್ಕೊಂಡಿದೆಯಾ ಅಂತ ಯಾರೂ ಕೇಳ್ಬೇಕಾಗಿಲ್ಲ, ಆ ವ್ಯತ್ಯಾಸ ಶುರುವಿನಲ್ಲೇ ಎರಡು ಕೌಂಟರ್ ಮಧ್ಯೆ ಸೇರ್ಕೊಂಡ್ಬಿಟ್ಟಿದೆ. ಕ್ಲಾಕ್ ದಾಟಿ ಹೋಗ್ಬೇಕಾಗಿರೋದು ಚೀಟಿ ಮಾತ್ರ, ಅದಕ್ಕೆ ಹಲವಾರು ಕ್ಲಾಕ್ ಬಿಡುವಿದೆ, ಅವಸರ ಇಲ್ಲ. ಮೊದಲನೇ ಸಲ ಇದು ಅರ್ಥ ಆದಾಗ ನಾನು ನೋಟ್‌ಬುಕ್ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ, ಅಷ್ಟು ಚೆನ್ನಾಗಿದೆ ಇದು.

ಡಿಎಲ್‌ಎಲ್ ರೀಸೆಟ್ ಆದ್ಮೇಲೆ ತಕ್ಷಣ ರೀಡ್ ಕೊಡ್ಬಾರ್ದು ಅಂತ ಡೇಟಾಶೀಟಲ್ಲಿ ಇರತ್ತಲ್ಲ, ಮೊದಲ ಡಿಡಿಆರ್‌ನಲ್ಲಿ 200 ಕ್ಲಾಕ್, ಡಿಡಿಆರ್3ರಲ್ಲಿ 512 ಕ್ಲಾಕ್ ಕಾಯ್ಬೇಕು ಅಂತ, ಅದು ಇದಕ್ಕೇನೇ. ಡಿಎಲ್‌ಎಲ್ ಲಾಕ್ ಆಗ್ಬೇಕು, ಅಂದ್ರೆ ಸರಿಯಾದ ಡಿಲೇಗೆ ಬಂದು ನಿಲ್ಬೇಕು, ಎಣಿಕೆ ಒಂದಕ್ಕೊಂದು ಹೊಂದ್ಕೋಬೇಕು.

ಇಷ್ಟೆಲ್ಲ ಮಾಡಿದ್ಮೇಲೂ ಡಿಕ್ಯೂಎಸ್ ಯಾಕೆ ಅಂತ ಕೇಳ್ತೀರ. ಎಣಿಕೆ ಸರಿಯಾಯ್ತು, ಯಾವ ಕ್ಲಾಕ್ ಅನ್ನೋದು ಗೊತ್ತಾಯ್ತು, ಆದ್ರೆ ಆ ಕ್ಲಾಕ್ ಒಳಗೆ ಯಾವ ಕ್ಷಣದಲ್ಲಿ ಡೇಟಾ ಹಿಡೀಬೇಕು ಅನ್ನೋದು ಬೇರೆ ಪ್ರಶ್ನೆ. ಡಿಡಿಆರ್4-3200ರಲ್ಲಿ ಒಂದು ಬಿಟ್ಟು ವೈರ್ ಮೇಲೆ ಇರೋದು 312.5 ಪಿಕೋಸೆಕೆಂಡ್. ಬೋರ್ಡ್ ಮೇಲೆ ಸಿಗ್ನಲ್ ಒಂದು ಮಿಲಿಮೀಟರ್ ಹೋಗೋಕೆ ಆರೇಳು ಪಿಕೋಸೆಕೆಂಡ್ ಬೇಕು, ಅಂದ್ರೆ ಐದು ಸೆಂಟಿಮೀಟರ್ ದಾಟೋ ಹೊತ್ತಿಗೆ ಒಂದು ಪೂರ್ತಿ ಬಿಟ್ಟಿನ ಟೈಮ್ ಆಗ್ಹೋಯ್ತು. ಕ್ಲಾಕ್ ಕಂಟ್ರೋಲರ್‌ನಿಂದ ಚಿಪ್ಪಿಗೆ ಹೋಗ್ಬೇಕು, ಡೇಟಾ ಚಿಪ್ಪಿನಿಂದ ವಾಪಸ್ ಬರ್ಬೇಕು, ಕಂಟ್ರೋಲರ್ ತನ್ನ ಕ್ಲಾಕ್ ನೋಡ್ಕೊಂಡು ಅದನ್ನ ಹಿಡಿಯೋಕೆ ಹೋದ್ರೆ ಎರಡೂ ದಾರಿಯ ತಪ್ಪು ತಲೆ ಮೇಲೆ ಬೀಳತ್ತೆ. ಅದಕ್ಕೇ ಡೇಟಾ ಜೊತೆ ಅದೇ ಚಿಪ್ಪಿನಿಂದ, ಅದೇ ಉದ್ದದ ಟ್ರೇಸಲ್ಲಿ ಸ್ಟ್ರೋಬ್ ಬರತ್ತೆ, ಡೇಟಾ ತಡ ಆದ್ರೆ ಅದೂ ಅಷ್ಟೇ ತಡ. ಒಳಗೆ ಅರೇಯಿಂದ ಫೈಫೋ ತನಕ ಡೇಟಾ ಜೊತೆ ಪಲ್ಸ್ ಓಡ್ತಿತ್ತಲ್ಲ, ಅದೇ ಯೋಚ್ನೆ ಇಲ್ಲಿ ಬೋರ್ಡ್ ಮೇಲೆ. ಓದುವಾಗ ಚಿಪ್ಪು ಡಿಕ್ಯೂಎಸ್‌ನ ಎಡ್ಜನ್ನ ಡೇಟಾದ ಎಡ್ಜಿಗೇ ಹೊಂದಿಸಿ ಕಳಿಸತ್ತೆ, ಕಂಟ್ರೋಲರ್ ಅದನ್ನ ಕಾಲು ಕ್ಲಾಕ್ ತಡ ಮಾಡಿ ಡೇಟಾದ ನಟ್ಟನಡುವೆ ಬರೋ ಹಾಗೆ ಮಾಡ್ಕೊಳ್ಳತ್ತೆ. ಬರೆಯುವಾಗ ಕಂಟ್ರೋಲರೇ ನಡುವೆ ಇಟ್ಟು ಕಳಿಸತ್ತೆ.

ಹಾಗಂತ ಡಿಕ್ಯೂಎಸ್ ಬಂದ್ರೆ ಎಲ್ಲ ಸಲೀಸು ಅಂದ್ಕೋಬೇಡಿ. ಅದು ಯಾವಾಗ್ಲೂ ಓಡ್ತಾ ಇರೋ ಸಿಗ್ನಲ್ ಅಲ್ಲ, ಡೇಟಾ ಇದ್ದಾಗ ಮಾತ್ರ. ಇಲ್ಲಿ ನಮ್ಮ ಲ್ಯಾಬಲ್ಲಿ ಆಗಿದ್ದು ಹೇಳ್ತೀನಿ. ಎಲ್‌ಪಿಡಿಡಿಆರ್4 ಇರೋ ಒಂದು ಬೋರ್ಡು, ಫೋನಲ್ಲೆಲ್ಲ ಬರೋ ಮೆಮೊರಿ. ಪವರ್ ಉಳಿಸೋಕೆ ಅದರ ಒಳಗೆ ಡಿಎಲ್‌ಎಲ್ಲೇ ಇಟ್ಟಿರಲ್ಲ. ಹಾಗಾಗಿ ಎಣಿಕೆ ಮುಗಿದ್ಮೇಲೂ ಡಿಕ್ಯೂಎಸ್ ಹೊರಗೆ ಬರೋದು 1.5ರಿಂದ 3.5 ನ್ಯಾನೋಸೆಕೆಂಡ್ ಒಳಗೆ ಯಾವಾಗ ಬೇಕಾದ್ರೂ ಆಗ್ಬಹುದು ಅಂತ ಸ್ಟ್ಯಾಂಡರ್ಡೇ ಹೇಳತ್ತೆ, ಎಲ್ಲಿ ಅನ್ನೋದನ್ನ ಕಂಟ್ರೋಲರ್ ಹುಡುಕ್ಕೋಬೇಕು. ಏಪ್ರಿಲ್ ತಿಂಗಳು. ಬೆಳಗ್ಗೆ ಬೋರ್ಡ್ ಆನ್ ಮಾಡಿದ್ರೆ ಚೆನ್ನಾಗಿ ನಡೆಯೋದು, ಡಬ್ಬದ ಮುಚ್ಚಳ ಹಾಕಿ ಓಡಿಸ್ತಾ ಬಿಟ್ರೆ ಮಧ್ಯಾಹ್ನದ ಹೊತ್ತಿಗೆ ತಪ್ಪು ಡೇಟಾ. ತಪ್ಪು ಅಂದ್ರೆ ಚೆಲ್ಲಾಪಿಲ್ಲಿ ಅಲ್ಲ, ಸಾಲಾಗಿ ಒಂದು ಸ್ಥಾನ ಪಕ್ಕಕ್ಕೆ ಸರಿದಿರೋದು. ಆಸಿಲೋಸ್ಕೋಪ್ ಹಾಕಿ ಮೆಮೊರಿ ಚಿಪ್ ಮೇಲೆ ಹೇರ್ ಡ್ರೈಯರ್ ಹಿಡಿದ್ವಿ. ಸ್ಕ್ರೀನ್ ಮೇಲೆ ಡಿಕ್ಯೂಎಸ್ ಮೊದಲು ಸುಮ್ನೆ ಚಪ್ಪಟೆ ಗೆರೆ, ಆಮೇಲೆ ಕೆಳಗಿಳಿದು ಸ್ವಲ್ಪ ಹೊತ್ತು ಹಾಗೇ ನಿಲ್ಲತ್ತೆ, ಅದು ಪ್ರಿಯಾಂಬಲ್, ಡೇಟಾ ಬರ್ತಿದೆ ಅನ್ನೋ ಮುನ್ಸೂಚನೆ, ಆಮೇಲೆ ಏರಿ ಇಳಿದು ಏರಿ ಇಳಿದು ಡೇಟಾ. ಬಿಸಿ ಏರ್ತಾ ಏರ್ತಾ ಆ ಪೂರ್ತಿ ಚಿತ್ರ ಬಲಗಡೆಗೆ ಮೆಲ್ಲಗೆ ಜರುಗ್ತಾ ಹೋಯ್ತು, ಕಣ್ಣಿಗೆ ಕಾಣೋ ಹಾಗೆ, ಡ್ರೈಯರ್ ತೆಗೆದ್ರೆ ಮತ್ತೆ ಎಡಗಡೆಗೆ. ಒಂದು ಡಿಗ್ರಿಗೆ 4 ಪಿಕೋಸೆಕೆಂಡ್ ತನಕ ಜರುಗ್ಬಹುದು ಅಂತ ಸ್ಟ್ಯಾಂಡರ್ಡಲ್ಲಿದೆ, 40 ಡಿಗ್ರಿ ಏರಿದ್ರೆ 160, ಅರ್ಧ ಬಿಟ್ಟು ಆಗ್ಹೋಯ್ತು.

ಕಂಟ್ರೋಲರ್ ಒಳಗೆ ಡಿಕ್ಯೂಎಸ್‌ನ ಒಳಗೆ ಬಿಡೋ ಒಂದು ಗೇಟ್ ಇರತ್ತೆ, ಪ್ರಿಯಾಂಬಲ್ ನಡೀತಿರುವಾಗ ಅದು ತೆರೀಬೇಕು. ಅದಕ್ಕಿಂತ ಮುಂಚೆ ತೆರೆದ್ರೆ ಡಿಕ್ಯೂಎಸ್‌ನ, ಒಂದಕ್ಕೊಂದು ಉಲ್ಟಾ ನಡೆಯೋ ಎರಡು ವೈರೂ ಒಂದೇ ವೋಲ್ಟೇಜಲ್ಲಿ ಕೂತಿರತ್ತೆ, ರಿಸೀವರ್‌ಗೆ ಇದು ಸೊನ್ನೆನಾ ಒಂದಾ ಗೊತ್ತಾಗಲ್ಲ, ಚೂರು ನಾಯ್ಸ್ ಬಂದ್ರೂ ಅದನ್ನೇ ಮೊದಲ ಎಡ್ಜ್ ಅಂದ್ಕೊಂಡು ಎಣಿಸ್ಬಿಡತ್ತೆ. ನಮ್ಮ ಟ್ರೈನಿಂಗ್ ಕೋಡು, ಅಂದ್ರೆ ಆನ್ ಆದಾಗ ಇಂಥ ಟೈಮಿಂಗ್‌ಗಳನ್ನ ಹುಡುಕಿಡೋ ಪ್ರೋಗ್ರಾಂ, ಗೇಟನ್ನ ಪ್ರಿಯಾಂಬಲ್‌ನ ಶುರುವಿಗೇ ಅಂಟಿಸಿ ಇಟ್ಟಿತ್ತು. ತಣ್ಣಗಿದ್ದಾಗ ಸರಿ, ಬಿಸಿಯಾದಾಗ ಡಿಕ್ಯೂಎಸ್ ತಡವಾಗಿ ಬಂತು, ಗೇಟ್ ಮಾತ್ರ ಹಳೇ ಟೈಮಿಗೇ ತೆರೀತು, ಒಂದು ಸುಳ್ಳು ಎಡ್ಜು ಒಳಗೆ ಬಂತು, ಉಳಿದದ್ದೆಲ್ಲ ಒಂದು ಸ್ಥಾನ ಸರೀತು. ಗೇಟನ್ನ ಪ್ರಿಯಾಂಬಲ್ ನಡುವಿಗೆ ತಂದು, ಆಗಾಗ ಡಿಕ್ಯೂಎಸ್ ಎಲ್ಲಿದೆ ಅಂತ ನೋಡಿ ಗೇಟನ್ನೂ ಜರುಗಿಸೋ ಹಾಗೆ ಕೋಡ್ ತಿದ್ದಿದ್ವಿ, ಅಲ್ಲಿಗೆ ಮುಗೀತು.

ಅಣ್ಣನ ಅಂಗಡಿಯ ಕಪ್ಪು ಸ್ಕ್ರೀನಿಗೂ ಇದೇ ಉತ್ತರ. ಡಿಡಿಆರ್3ರಿಂದ ಈಚೆಗೆ ರ‍್ಯಾಮ್ ಸ್ಟಿಕ್‌ನಲ್ಲಿ ಕ್ಲಾಕು ಒಂದು ಚಿಪ್ಪಿನಿಂದ ಇನ್ನೊಂದಕ್ಕೆ ಸಾಲಾಗಿ ಹೋಗತ್ತೆ, ಸಾಲಿನ ಮೊದಲ ಚಿಪ್ಪಿಗೂ ಕೊನೇ ಚಿಪ್ಪಿಗೂ ಕ್ಲಾಕ್ ಬರೋ ಟೈಮಲ್ಲೇ ವ್ಯತ್ಯಾಸ, ಹಾಗಾಗಿ ಒಂದೊಂದು ಚಿಪ್ಪಿನ ಡಿಕ್ಯೂಎಸ್ಸೂ ಬೇರೆ ಬೇರೆ ಟೈಮಿಗೆ ವಾಪಸ್ ಬರತ್ತೆ. ಆನ್ ಆದಾಗ ಬಯಾಸ್ ಒಂದೊಂದು ಲೇನ್‌ಗೂ (ಒಂದು ಡಿಕ್ಯೂಎಸ್ ಮತ್ತೆ ಅದರ ಜೊತೆಯ ಡೇಟಾ ವೈರ್‌ಗಳು) ಗೇಟ್ ಎಲ್ಲಿಡ್ಬೇಕು, ಸ್ಟ್ರೋಬ್‌ನ ಎಷ್ಟು ಸರಿಸ್ಬೇಕು, ವೋಲ್ಟೇಜ್ ರೆಫರೆನ್ಸ್ ಎಷ್ಟಿರ್ಬೇಕು ಅಂತ ಗೊತ್ತಿರೋ ಪ್ಯಾಟರ್ನ್ ಓದಿ ಓದಿ ಹುಡುಕತ್ತೆ. ಡಿಡಿಆರ್5-4800ರಲ್ಲಿ ಒಂದು ಬಿಟ್ಟು 208 ಪಿಕೋಸೆಕೆಂಡ್, ಕಮಾಂಡ್ ವೈರ್‌ಗಳನ್ನೂ ಹೀಗೇ ಟ್ರೈನ್ ಮಾಡ್ಬೇಕು, ಅದಕ್ಕೇ ಅಷ್ಟು ಹೊತ್ತು. ಸಾಮಾನ್ಯವಾಗಿ ಸಿಕ್ಕಿದ ಬೆಲೆಗಳನ್ನ ಬಯಾಸ್ ಉಳಿಸಿಟ್ಕೊಳ್ಳತ್ತೆ, ಮುಂದಿನ ಸಲ ಬೇಗ ಆಗತ್ತೆ, ಸ್ಟಿಕ್ ತೆಗೆದು ಬೇರೆ ಸ್ಲಾಟ್‌ಗೆ ಹಾಕಿದ್ರೆ ಮತ್ತೆ ಮೊದಲಿಂದ. ಅಣ್ಣನಿಗೆ ಹೇಳಿ, ಹೊಸ ರ‍್ಯಾಮ್ ಹಾಕಿದ ದಿನ ಸ್ಕ್ರೀನ್ ಬರ್ಲಿಲ್ಲ ಅಂತ ಗಾಬರಿಯಾಗಿ ಅರ್ಧದಲ್ಲಿ ಪವರ್ ಆಫ್ ಮಾಡ್ಬೇಡಿ, ಒಂದು ಹತ್ತು ನಿಮಿಷ ಬಿಡಿ.

ನಿಮಗೆ ಒಂದು ಕೆಲಸ. ವೆರಿಲಾಗ್‌ನಲ್ಲಿ (ಸರ್ಕ್ಯೂಟ್ ಬರೆದು ಓಡಿಸಿ ನೋಡೋ ಭಾಷೆ) ಒಂದೇ ಸ್ಪೀಡಿನ ಎರಡು ಕ್ಲಾಕ್ ಬರೀರಿ, ಮಧ್ಯದ ಫೇಸ್ ವ್ಯತ್ಯಾಸನ 10 ಪಿಕೋಸೆಕೆಂಡ್‌ನಂತೆ ಜರುಗಿಸ್ತಾ ಹೋಗಿ. ಮೊದಲು ರೀಡ್ ಸುದ್ದಿನ ಸುಮ್ನೆ ಒಂದು ಫ್ಲಿಪ್‌ಫ್ಲಾಪ್‌ನಲ್ಲಿ ದಾಟಿಸಿ 22 ಎಣಿಸಿ, ಯಾವ ಫೇಸ್‌ನಲ್ಲಿ 23 ಆಗತ್ತೆ ಅಂತ ಗುರುತು ಮಾಡಿ. ಆಮೇಲೆ ಎರಡು ಕೌಂಟರು, ಶುರು-ಟೋಕನ್ ಇಟ್ಟು ಅದೇ ಫೇಸ್‌ನಲ್ಲಿ ಓಡಿಸಿ. ಟೋಕನ್ ದಾರಿಯ ಡಿಲೇನ ಬೇಕಂತಲೇ ಅರ್ಧ ಕ್ಲಾಕ್‌ಗಿಂತ ಜಾಸ್ತಿ ತಪ್ಪಿಟ್ಟು ಇನ್ನೊಂದು ಸಲ ಓಡಿಸಿ, ಏನು ಬಂತು ಅಂತ ಬರೆದು ಕಳಿಸಿ, ಅಲ್ಲಿಂದ ಮುಂದೆ ಮಾತಾಡೋಣ.